ಮಗು ಹಲ್ಲಿನ ಡಾಕ್ಟ್ರ ಹತ್ರ ಬಾಯಿಯೇ ತೆಗಿಯುದಿಲ್ಲ, ಎಂತ ಮಾಡುದು?

ಕಳೆದ ಸಂಚಿಕೆಯಲ್ಲಿ ಮಕ್ಕಳ ಹಲ್ಲಿನ ಬಗ್ಗೆ ಎಂತ ಬೇಕಾದ್ರೂ ಕೇಳಿ ಅಂತ ಬರೆದಿದ್ದೆ. ಬಂದದ್ರಲ್ಲಿ ಮುಕ್ಕಾಲು ಪಾಲು ಹಲ್ಲಿನ ಬಗ್ಗೆ ಅಲ್ಲ, ಹೆದರಿಕೆಯ ಬಗ್ಗೆ. ಹಾಗಾಗಿ ಈ ಸಲ ಬೇರೆ ಎಲ್ಲ ಬದಿಗಿಟ್ಟು ಅದನ್ನೇ ತಕ್ಕೊಂಡಿದ್ದೇನೆ. ಹೆಸರು ಹಾಕ್ಬೇಡಿ ಅಂತ ಹೆಚ್ಚಿನವ್ರು ಕೇಳಿದ್ರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಐದು ವರ್ಷ. ಹೋದ ತಿಂಗಳು ದವಡೆ ಹಲ್ಲು ನೋವು ಅಂತ ರಾತ್ರಿಯಿಡೀ ಅತ್ತ, ಬೆಳಿಗ್ಗೆ ಎದ್ದ ಕೂಡ್ಲೇ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆವು. ಚೇರಿನಲ್ಲಿ ಕೂರ್ಲಿಕ್ಕೇ ಒಪ್ಪಲಿಲ್ಲ. ಅವನ ಅಪ್ಪ ಕೈ ಹಿಡಿದ್ರು, ನಾನು ಕಾಲು ಹಿಡಿದೆ, ಅವ ಡಾಕ್ಟ್ರ ಬೆರಳಿಗೆ ಕಚ್ಚಿ ಬಿಟ್ಟ. ಅವ್ರು ಮದ್ದು ಬರೆದು ಕೊಟ್ಟು ಇನ್ನೊಮ್ಮೆ ಬನ್ನಿ ಅಂತ ಕಳ್ಸಿದ್ರು. ಈಗ ನೋವು ಕಮ್ಮಿ ಉಂಟು, ಆದ್ರೆ ಆ ರಸ್ತೆಗೆ ಬೈಕ್ ತಿರುಗಿಸಿದ್ರೆ ಸಾಕು ಅಳ್ಲಿಕ್ಕೆ ಶುರು ಮಾಡ್ತಾನೆ. ಮನೆಯಲ್ಲಿ ಅತ್ತೆ ಬೇರೆ, ಊಟ ಮಾಡದಿದ್ರೆ ಹಲ್ಲಿನ ಡಾಕ್ಟ್ರ ಹತ್ರ ಇಂಜೆಕ್ಷನ್ ಕೊಡಿಸ್ತೇನೆ ಅಂತ ಹೇಳ್ತಾರೆ. ಇನ್ನು ಹೇಗೆ ಕರ್ಕೊಂಡು ಹೋಗುದು?
– ಒಬ್ಬ ತಾಯಿ, ಕಟಪಾಡಿ

ಉತ್ತರ: ಮೊದಲಿಗೇ ಒಂದು ವಿಷಯ ಹೇಳಿ ಬಿಡ್ತೇನೆ, ನಿಮ್ಮ ಮಗ ಹಠಮಾರಿ ಅಲ್ಲ. ಅವನ ಜಾಗದಲ್ಲಿ ಒಮ್ಮೆ ಕೂತು ನೋಡಿ. ರಾತ್ರಿಯಿಡೀ ನೋವು, ನಿದ್ದೆ ಇಲ್ಲ, ಬೆಳಿಗ್ಗೆ ತಿಂಡಿಯೂ ಸರಿ ತಿಂದಿರ್ಲಿಕ್ಕಿಲ್ಲ, ಗೊತ್ತಿಲ್ಲದ ಜಾಗ, ಮದ್ದಿನ ವಾಸನೆ, ಮಾಸ್ಕ್ ಹಾಕಿದವ್ರು, ಕಣ್ಣಿಗೆ ನೇರ ಬೀಳುವ ಲೈಟು, ಅದ್ರ ಮೇಲೆ ಯಾರನ್ನು ನಂಬಿ ಬಂದಿದ್ದಾನೋ ಆ ಅಪ್ಪ ಅಮ್ಮನೇ ಕೈಕಾಲು ಹಿಡ್ಕೊಂಡ್ರು. ಅವನಿಗೆ ಉಳಿದದ್ದು ಬಾಯಿ ಒಂದೇ, ಅದ್ರಲ್ಲಿ ಕಚ್ಚಿದ. ನಿಮ್ಮನ್ನು ದೂರ್ಲಿಕ್ಕೆ ಹೇಳುದಲ್ಲ, ಮಗು ನೋವಿನಲ್ಲಿ ಇರುವಾಗ ಯಾವ ಅಪ್ಪ ಅಮ್ಮನಾದ್ರೂ ಹಾಗೆಯೇ ಮಾಡುದು.

ಈಗ ನೋವು ಕಮ್ಮಿ ಉಂಟು ಅಂದ್ರಲ್ಲ, ಅದು ಮದ್ದಿನಿಂದ ಕಮ್ಮಿ ಆದದ್ದು, ಹುಳುಕು ಅಲ್ಲೇ ಉಂಟು. ಕೆಲವು ಸಲ ಒಳಗಿನ ನರ ಸತ್ರೂ ನೋವು ನಿಲ್ತದೆ, ಆಮೇಲೆ ಬೇರಿನ ಹತ್ರ ಕೀವು ಕಟ್ಟುದು. ಹಾಗಾಗಿ ತಿಂಗಳುಗಟ್ಟಲೆ ಬಿಡ್ಲಿಕ್ಕೆ ಆಗುದಿಲ್ಲ, ಒಂದೆರಡು ವಾರ ನಮ್ಮ ಕೈಯಲ್ಲಿ ಉಂಟು ಅಂತ ಇಟ್ಕೊಳ್ಳಿ. ನಡುವೆ ಕೆನ್ನೆ ಊದಿದ್ರೆ, ಜ್ವರ ಬಂದ್ರೆ, ಬಾಯಿ ತೆಗಿಲಿಕ್ಕೆ ಅಥವಾ ನುಂಗ್ಲಿಕ್ಕೆ ಕಷ್ಟ ಆದ್ರೆ, ಕಣ್ಣಿನ ಕೆಳಗೆ ಬಾವು ಕಂಡ್ರೆ ನಾನು ಮುಂದೆ ಹೇಳುದೆಲ್ಲ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ, ಅತ್ರೂ ಅಡ್ಡಿಲ್ಲ. ಮತ್ತೆ ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಡ್ಬೇಡಿ, ಮಕ್ಕಳ ಒಸಡು ಮೆತ್ತಗೆ, ಸುಟ್ಟು ಹೋಗ್ತದೆ.

ಇನ್ನು ಅತ್ತೆಯವ್ರ ಮಾತು. ನಮ್ಮ ಕಾಲದಲ್ಲಿ ಊಟ ಮಾಡದಿದ್ರೆ ಗುಮ್ಮ ಬರ್ತಿದ್ದ, ಈಗ ಗುಮ್ಮನ ಜಾಗದಲ್ಲಿ ಡಾಕ್ಟ್ರು, ಪೋಲೀಸು. ಅವ್ರು ಪ್ರೀತಿಯಿಂದಲೇ ಹೇಳುದು, ಒಂದು ತುತ್ತು ಹೆಚ್ಚು ತಿನ್ಲಿ ಅಂತ. ಆದ್ರೆ ಮಗುವಿನ ತಲೆಯಲ್ಲಿ ಎಂತ ಕೂರ್ತದೆ ಅಂದ್ರೆ ತಪ್ಪು ಮಾಡಿದವ್ರಿಗೆ ಶಿಕ್ಷೆ ಕೊಡುವ ಜಾಗ ಅದು. ಹಲ್ಲು ನೋವಾದ ದಿನ ಅಲ್ಲಿಗೇ ಕರ್ಕೊಂಡು ಹೋದ್ರೆ ಅವ ಎಂತ ಅಂದ್ಕೊಳ್ಬೇಕು? ಅತ್ತೆಯವ್ರನ್ನೇ ಸೇರಿಸ್ಕೊಳ್ಳಿ, ಗದರಿಸ್ಲಿಕ್ಕೆ ಹೋಗ್ಬೇಡಿ. ಅಜ್ಜಿಯ ಬಾಯಿಯಲ್ಲಿ ಎಷ್ಟು ಹಲ್ಲುಂಟು ಅಂತ ಮೊಮ್ಮಗ ಮೊಬೈಲ್ ಟಾರ್ಚ್ ಹಿಡಿದು ಎಣಿಸ್ಲಿ. ಆಮೇಲೆ ಅಜ್ಜಿ ಅವನದ್ದು ಎಣಿಸ್ಲಿ, ಚಮಚದ ಹಿಂಬದಿ ಕನ್ನಡಿ ಅಂತ ಮಾಡ್ಕೊಂಡು ಕೆನ್ನೆ ಸ್ವಲ್ಪ ಬದಿಗೆ ಸರಿಸಿ. ಮೂರ್ನಾಲ್ಕು ದಿನ ಹೀಗೆ ಆಟ ಆಡಿದ್ರೆ ಬಾಯಿ ತೆಗೆದು ಮಲಗುದು, ಯಾರೋ ಒಳಗೆ ಇಣುಕುದು, ಲೈಟು ಬೀಳುದು, ಇದೆಲ್ಲ ಅವನಿಗೆ ಹೊಸತಾಗಿ ಉಳಿಯುದಿಲ್ಲ. ನಾನು ಕ್ಲಿನಿಕ್ಕಿನಲ್ಲಿ ಮಾಡುದರಲ್ಲಿ ಅರ್ಧ ಕೆಲ್ಸ ಇದೇ.

ಡಾಕ್ಟ್ರನ್ನು ಆರಿಸುವಾಗ ಆದ್ರೆ ಮಕ್ಕಳ ಹಲ್ಲಿನ ಡಾಕ್ಟ್ರನ್ನೇ ನೋಡಿ, ಪೀಡೋಡಾಂಟಿಸ್ಟ್ ಅಂತ ಬೋರ್ಡಿನಲ್ಲಿ ಇರ್ತದೆ, ಬಿಡಿಎಸ್ ಆದ ಮೇಲೆ ಮೂರು ವರ್ಷ ಮಕ್ಕಳ ಹಲ್ಲು ಮತ್ತು ಮಕ್ಕಳ ಮನಸ್ಸಿನ ಬಗ್ಗೆಯೇ ಕಲ್ತವ್ರು. ನಮ್ಮ ಊರಿನವ್ರಿಗೆ ಇದೊಂದು ಅನುಕೂಲ, ಮಣಿಪಾಲದಲ್ಲಿ ದಂತ ಕಾಲೇಜು ಉಂಟು, ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಮಣಿಪಾಲದವ್ರದ್ದೇ ಇನ್ನೊಂದು, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ, ಯೆನೆಪೊಯ, ಕುಂಟಿಕಾನದಲ್ಲಿ ಎ.ಜೆ., ಇವೆಲ್ಲದ್ರಲ್ಲೂ ಮಕ್ಕಳ ವಿಭಾಗ ಬೇರೆಯೇ ಉಂಟು. ಹೊತ್ತು ಹೆಚ್ಚು ಹಿಡಿತದೆ ಆದ್ರೆ ಮಗುವಿನ ಹತ್ರ ಕೂತು ಮಾತಾಡ್ಲಿಕ್ಕೆ ಅಲ್ಲಿ ಜನ ಸಿಗ್ತಾರೆ. ಹೋಗುವ ಮೊದಲು ಫೋನ್ ಮಾಡಿ ಹೋದ ಸಲ ಹೀಗೆ ಹೀಗೆ ಆಯ್ತು, ಕಚ್ಚಿದ, ಕೈಕಾಲು ಹಿಡಿದಿದ್ದೆವು ಅಂತ ಮುಚ್ಚಿಡದೆ ಹೇಳಿ. ಮೊದಲ ದಿನ ಹಲ್ಲು ಮುಟ್ಟುದು ಬೇಡ, ಬರೇ ಪರಿಚಯ ಮಾಡಿಸಿ ಅಂತ ಕೇಳಿ. ಹಾಗೆ ಆಗುದಿಲ್ಲ ಅಂತ ಹೇಳುವ ಕ್ಲಿನಿಕ್ ಆದ್ರೆ ಬೇರೆ ಕಡೆ ನೋಡಿ.

ಹೊತ್ತು ಬೆಳಿಗ್ಗೆಯದ್ದೇ ತಕ್ಕೊಳ್ಳಿ, ತಿಂಡಿ ತಿಂದು ಆದ ಮೇಲೆ. ಶಾಲೆ ಬಿಟ್ಟು ಹಸಿವು, ನಿದ್ದೆ, ಸೆಕೆ ಎಲ್ಲ ಒಟ್ಟಾಗಿ ಬಂದ ಐದು ವರ್ಷದ ಮಗುವಿನ ಹತ್ರ ಯಾರಿಗೂ ಎಂತದ್ದೂ ಮಾಡ್ಲಿಕ್ಕೆ ಆಗುದಿಲ್ಲ.

ಚೇರಿನ ಹತ್ರ ಎಂತ ನಡಿತದೆ ಅಂತ ನಿಮಗೂ ಗೊತ್ತಿದ್ರೆ ಒಳ್ಳೇದು. ನಮಗೆ ಕಲಿಸಿದ ಒಂದು ಪದ್ಧತಿ ಉಂಟು, ಹೇಳು, ತೋರಿಸು, ಮಾಡು ಅಂತ. 1959ರಲ್ಲಿ ಅಡೆಲ್‌ಸ್ಟನ್ ಎಂಬವ್ರು ಬರೆದದ್ದು, ಇವತ್ತಿಗೂ ಅದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ. ಎಂತ ಮಾಡ್ತೇನೆ ಅಂತ ಮೊದಲು ಮಗುವಿನ ಭಾಷೆಯಲ್ಲಿ ಹೇಳುದು, ಆಮೇಲೆ ಅದನ್ನು ಬಾಯಿಯ ಹೊರಗೆ ತೋರಿಸುದು, ಆಮೇಲೆಯೇ ಮಾಡುದು, ಮತ್ತೆ ಹೇಳಿದ್ದಕ್ಕಿಂತ ಒಂದು ಚೂರೂ ಹೆಚ್ಚು ಮಾಡ್ಲಿಕ್ಕಿಲ್ಲ. ಗಾಳಿ ಬಿಡುವ ಪೈಪನ್ನು ಮೊದಲು ಅಂಗೈಗೆ ಊದ್ತೇನೆ, ಉಗುರಿಗೆ ಊದ್ತೇನೆ, ಅಮ್ಮನ ಕೂದಲಿಗೆ ಊದ್ತೇನೆ. ಎಂಜಲು ಎಳೆಯುವ ಪೈಪು ಬೊಂಡ ಕುಡಿಯುವ ಸ್ಟ್ರಾ ಹಾಗೆ ಅಂತ ಹೇಳಿ ಲೋಟದ ನೀರು ಅವ್ರ ಕೈಯಲ್ಲೇ ಎಳೆಸ್ತೇನೆ. ಎಕ್ಸ್‌ರೇ ಅಂದ್ರೆ ಹಲ್ಲಿನ ಫೋಟೋ. ಹಲ್ಲು ಕೊರೆಯುವ ಮೆಷಿನ್ನಿನ ಶಬ್ದ ಮಾತ್ರ ಸುಳ್ಳು ಹೇಳಿ ಮುಚ್ಚಲಿಕ್ಕೆ ಆಗುದಿಲ್ಲ, ಮಿಕ್ಸಿಯ ಹಾಗೆ ಕಿರ್ ಅಂತದೆ, ನೀರು ಚಿಮ್ಮತದೆ ಅಂತ ಮೊದಲೇ ಕೇಳಿಸಿ ಬಿಡ್ತೇನೆ.

ಒಂದು ಸಲ ನಾಲ್ಕು ವರ್ಷದ ಹುಡುಗ ಬಂದಿದ್ದ, ಮನೆಯಲ್ಲಿ ತುಳು ಮಾತಾಡುವವ್ರು. ಅಮ್ಮನ ಸೀರೆಯ ಸೆರಗಿನೊಳಗೆ ಮುಖ ಹಾಕಿದವ ಅರ್ಧ ಗಂಟೆ ಹೊರಗೆ ತೆಗಿಲಿಲ್ಲ. ನಾನು ನೆಲದ ಮೇಲೆ ಕೂತು ಅವನ ಅಮ್ಮನ ಬೆರಳು ಹಿಡಿದು ಎಣಿಸ್ಲಿಕ್ಕೆ ಶುರು ಮಾಡಿದೆ, ಒಂಜಿ, ರಡ್ಡ್, ನಾಲ್, ಐನ್... ಸೆರಗಿನ ಒಳಗಿಂದ ಒಂದು ಸ್ವರ, "ಮೂಜಿ!" ಅಂತ. ಡಾಕ್ಟ್ರಿಗೆ ಎಣಿಸ್ಲಿಕ್ಕೆ ಬರುದಿಲ್ಲ ಅಂತ ಅವನಿಗೆ ಸಿಟ್ಟು ಬಂತು. ಹಾಗಾದ್ರೆ ನೀನೇ ಕಲಿಸು ಅಂದೆ. ಅವ ಬೆರಳು ಎಣಿಸಿದ, ಆಮೇಲೆ ನನ್ನ ಹಲ್ಲು ಎಣಿಸಿದ, ಆಮೇಲೆ ನಾನು ಅವನದ್ದು ಎಣಿಸಿದೆ, ನಡುವೆ ಒಂದು ತಪ್ಪಿದ್ರೆ ಬಾಯಿ ತೆಗೆದುಕೊಂಡೇ "ಅಂ ಅಂ" ಅಂತ ತಲೆ ಅಲ್ಲಾಡಿಸ್ತಿದ್ದ. ಆ ದಿನ ಅಷ್ಟೇ ಮಾಡಿದ್ದು. ಎರಡನೇ ಸಲ ಬಂದಾಗ ಹಲ್ಲು ಬ್ರಶ್ ಮಾಡಿ ಹುಳುಕು ತಡೆಯುವ ಫ್ಲೋರೈಡ್ ವಾರ್ನಿಶ್ ಹಚ್ಚಿದೆ, ನೋವಿಲ್ಲದ ಕೆಲ್ಸ, ಎರಡು ನಿಮಿಷ. ಮೂರನೇ ಸಲ ಹಲ್ಲು ತುಂಬಿಸಿದ್ದು. ನಿಮ್ಮ ಮಗನಿಗೂ ಇದೇ ಕ್ರಮದಲ್ಲಿ ಹೋದ್ರೆ ಆಗ್ಬಹುದು ಅಂತ ನನ್ನ ಎಣಿಕೆ. ನೋವಿಲ್ಲದ ಎರಡು ಸಲ ಮೊದಲೇ ಆಗಿದ್ರೆ ಮೂರನೇ ಸಲದ ಸಣ್ಣ ನೋವನ್ನು ಮಗು ಅಷ್ಟು ದೊಡ್ಡದು ಮಾಡುದಿಲ್ಲ. ಮೊದಲ ಸಲವೇ ನೋವು ಸಿಕ್ಕಿದ ಮಗುವಿಗೆ ಆ ಜಾಗದ ಹೆಸರೇ ನೋವು.

ಹಿಡಿದು ಮಾಡುದರ ಬಗ್ಗೆ ಕೇಳಿದ್ರೆ ನಾನು ಬೇಡ ಅಂತಲೇ ಹೇಳುದು, ತುರ್ತು ಇದ್ರೆ ಬಿಟ್ಟು. ಹಿಂದೆ ಅಳುವ ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟು ಸುಮ್ಮನಾಗಿಸುವ ಪದ್ಧತಿಯೇ ಇತ್ತು, ಪುಸ್ತಕದಲ್ಲಿ ಇತ್ತು. ಅಮೆರಿಕದ ಮಕ್ಕಳ ದಂತ ವೈದ್ಯರ ಅಕಾಡೆಮಿ 2006ರಲ್ಲಿ ಅದನ್ನು ತನ್ನ ಮಾರ್ಗಸೂಚಿಯಿಂದ ತೆಗೆದು ಹಾಕಿತು. ಇಷ್ಟೆಲ್ಲ ಮಾಡಿಯೂ ನಿಮ್ಮ ಮಗ ಒಪ್ಪದಿದ್ರೆ ದಾರಿ ಮುಗಿಲಿಲ್ಲ, ಮೂಗಿನಲ್ಲಿ ಎಳ್ಕೊಳ್ಳುವ ನೈಟ್ರಸ್ ಆಕ್ಸೈಡ್ ಗ್ಯಾಸ್ ಉಂಟು, ಮಗು ಎಚ್ಚರ ಇರ್ತದೆ ಆದ್ರೆ ಹಗುರ ಆಗ್ತದೆ, ಕೆಲ್ಸ ಮುಗಿದ ಮೇಲೆ ಆಕ್ಸಿಜನ್ ಕೊಟ್ರೆ ಐದು ಹತ್ತು ನಿಮಿಷದಲ್ಲಿ ಸರಿ ಆಗ್ತದೆ. ಏಳೆಂಟು ಹಲ್ಲು ಒಟ್ಟಿಗೆ ಹಾಳಾದ ಸಣ್ಣ ಮಕ್ಕಳಿಗೆ ಆಸ್ಪತ್ರೆಯಲ್ಲಿ ಪೂರ್ತಿ ಅನಸ್ತೇಶಿಯಾ ಕೊಟ್ಟು ಒಂದೇ ದಿನ ಎಲ್ಲ ಮುಗಿಸುದೂ ಉಂಟು. ಅದಕ್ಕೆ ಒಪ್ಪಿದ್ರೆ ನಾವು ಸೋತೆವು ಅಂತ ಯಾವ ತಾಯಿಯೂ ಅಂದ್ಕೊಳ್ಬೇಡಿ.

ಪ್ರಶ್ನೆ: ಆರು ವರ್ಷದ ಮಗಳಿಗೆ ಹಲ್ಲು ತುಂಬಿಸ್ಲಿಕ್ಕೆ ಉಂಟು. "ಎಂತದ್ದೂ ನೋವಾಗುದಿಲ್ಲ, ಅಳದಿದ್ರೆ ಸೈಕಲ್ ತೆಗೆದು ಕೊಡ್ತೇನೆ" ಅಂತ ಹೇಳಿ ಕರ್ಕೊಂಡು ಹೋಗುದಾ? ಮತ್ತೆ ನಾವು ಒಳಗೆ ಇರ್ಬೇಕಾ ಹೊರಗೆ ಕೂರ್ಬೇಕಾ? ನನಗೇ ಹಲ್ಲಿನ ಚೇರ್ ಕಂಡ್ರೆ ಕೈ ಬೆವರ್ತದೆ, ಸತ್ಯ ಹೇಳ್ತೇನೆ.
– ಒಬ್ಬ ತಂದೆ, ಸುರತ್ಕಲ್

ಉತ್ತರ: ಸತ್ಯ ಬರೆದದ್ದಕ್ಕೆ ತುಂಬಾ ಖುಷಿ ಆಯ್ತು. ಮಗಳ ಹತ್ರವೂ ಅಷ್ಟೇ ಸತ್ಯ ಇರ್ಲಿ. "ನೋವಾಗುದಿಲ್ಲ" ಅಂತ ಹೇಳಿದ್ರೆ ಅವಳು ಕೇಳುದು "ನೋವು" ಅನ್ನುವ ಶಬ್ದ ಮಾತ್ರ. ಅಲ್ಲಿಯವರೆಗೆ ಅವಳ ತಲೆಯಲ್ಲಿ ನೋವೇ ಇರ್ಲಿಲ್ಲವೋ ಏನೋ. ಮತ್ತೆ ಒಂದು ಚೂರು ನೋವಾದ್ರೆ ಸಾಕು, ಅಪ್ಪ ಸುಳ್ಳು ಹೇಳಿದ್ರು ಅಂತ ಆಯ್ತು, ಆಮೇಲೆ ಡಾಕ್ಟ್ರು ಎಂತ ಹೇಳಿದ್ರೂ ನಂಬುದಿಲ್ಲ. ನೀವು ಹೇಳ್ಬೇಕಾದದ್ದು ಇಷ್ಟೇ, "ಡಾಕ್ಟ್ರು ನಿನ್ನ ಹಲ್ಲಲ್ಲಿ ಇರುವ ತೂತು ಕ್ಲೀನ್ ಮಾಡಿ ಮುಚ್ತಾರೆ, ಹೇಗೆ ಅಂತ ಅವ್ರೇ ನಿನಗೆ ತೋರಿಸ್ತಾರೆ, ನಾನು ಅಲ್ಲೇ ಇರ್ತೇನೆ." ಇಂಜೆಕ್ಷನ್ ಉಂಟಾ ಅಂತ ಕೇಳಿದ್ರೆ "ನನಗೆ ಗೊತ್ತಿಲ್ಲ, ಡಾಕ್ಟ್ರನ್ನೇ ಕೇಳುವ" ಅನ್ನಿ, ಉಳಿದದ್ದು ನಮ್ಮ ಕೆಲ್ಸ. ಸೂಜಿಯ ಮೊದಲು ಒಸಡಿಗೆ ಜೆಲ್ ಹಚ್ಚಿ ಒಂದೆರಡು ನಿಮಿಷ ಕಾದ್ರೆ ಮೇಲ್ಮೈ ಜುಮ್ಮಾಗ್ತದೆ, ಮದ್ದನ್ನು ನಿಧಾನ ಬಿಟ್ರೆ ಹೆಚ್ಚಿನ ಮಕ್ಕಳಿಗೆ ಒಂದು ಚಿವುಟಿದ ಹಾಗೆ ಆಗ್ತದೆ ಅಷ್ಟೇ. ನಾನು "ಇರುವೆ ಕಚ್ಚಿದ ಹಾಗೆ ಆಗ್ಬಹುದು, ಐದು ಎಣಿಸುವಷ್ಟರಲ್ಲಿ ಮುಗಿತದೆ" ಅಂತಲೇ ಹೇಳುದು.

ಸೈಕಲ್ ಬೇಡ. ಅಷ್ಟು ದೊಡ್ಡದು ಕೊಡ್ತಾರೆ ಅಂದ್ರೆ ಅಲ್ಲಿ ಎಂತೋ ಭಯಂಕರ ಉಂಟು ಅಂತ ಮಗುವಿಗೆ ಗೊತ್ತಾಗ್ತದೆ. "ಅಳದಿದ್ರೆ" ಅನ್ನುದಂತೂ ಬೇಡವೇ ಬೇಡ, ಅಳುದು ತಪ್ಪಲ್ಲ, ಅತ್ತುಕೊಂಡೇ ಬಾಯಿ ತೆಗೆದು ಕೂತ ಮಕ್ಕಳು ಎಷ್ಟೋ ಇದ್ದಾರೆ, ನನ್ನ ಲೆಕ್ಕದಲ್ಲಿ ಅವ್ರೇ ಧೈರ್ಯದ ಮಕ್ಕಳು. ಮುಗಿದ ಮೇಲೆ ಸುಮ್ಮನೆ ಪಣಂಬೂರು ಬೀಚಿಗೆ ಕರ್ಕೊಂಡು ಹೋಗಿ, ಮೊದಲೇ ಶರತ್ತು ಹಾಕದೆ. "ಕೈ ಅಲ್ಲಾಡಿಸದೆ ಕೂತೆಯಲ್ಲ, ಡಾಕ್ಟ್ರಿಗೆ ಎಷ್ಟು ಸುಲಭ ಆಯ್ತು" ಅಂತ ಯಾವುದು ಚಂದ ಮಾಡಿದ್ದಾಳೋ ಅದನ್ನೇ ಹೆಸರಿಸಿ ಹೊಗಳಿ.

ಒಳಗೆ ಯಾರು ಇರ್ಬೇಕು ಅಂದ್ರೆ, ಮನೆಯಲ್ಲಿ ಹಲ್ಲಿನ ಹೆದರಿಕೆ ಯಾರಿಗೆ ಕಮ್ಮಿಯೋ ಅವ್ರು. ದೊಡ್ಡವ್ರ ಹೆದರಿಕೆ ಮಗುವಿಗೆ ಮಾತಿಲ್ಲದೆ ದಾಟ್ತದೆ, ನಿಮ್ಮ ಬೆವರಿದ ಕೈ ಹಿಡ್ಕೊಂಡ್ರೆ ಅವಳಿಗೆ ಬೇರೆ ಎಂತ ಹೇಳ್ಲಿಕ್ಕೆ ಉಂಟು. ಅವಳ ಅಮ್ಮನೋ ಚಿಕ್ಕಮ್ಮನೋ ಇದ್ರೆ ಅವ್ರು ಕೂರ್ಲಿ, ನೀವು ಬಾಗಿಲ ಹತ್ರ ಇರಿ. ಒಳಗೆ ಇದ್ದವ್ರು ಮಾತಾಡ್ಬಾರ್ದು, ಒಂದೇ ಸಲ ಮೂರು ಜನ "ಬಾಯಿ ತೆಗಿ, ಬಾಯಿ ತೆಗಿ" ಅಂದ್ರೆ ಮಗು ಯಾರ ಮಾತೂ ಕೇಳುದಿಲ್ಲ. ಮತ್ತೆ ಆಗ್ತದಾದ್ರೆ ನಿಮ್ಮದೂ ಒಮ್ಮೆ ಕ್ಲೀನಿಂಗ್ ಮಾಡಿಸ್ಕೊಳ್ಳಿ, ಅವಳು ನೋಡ್ಲಿ. ಅಪ್ಪ ಆ ಚೇರಿನಿಂದ ಎದ್ದು ನಗ್ತಾ ಬಂದದ್ದು ನೋಡಿದ ಮೇಲೆ ನಾನು ಹೆಚ್ಚು ಮಾತಾಡ್ಬೇಕಾಗುದಿಲ್ಲ.

ಇಂಜೆಕ್ಷನ್ ಕೊಟ್ಟಿದ್ರೆ ಎರಡು ಮೂರು ಗಂಟೆ ತುಟಿ ಮರಗಟ್ಟಿ ಇರ್ತದೆ, ಆ ಹೊತ್ತಿನಲ್ಲಿ ಮಕ್ಕಳು ತುಟಿ ಜಗಿದು ಗಾಯ ಮಾಡ್ಕೊಳ್ತಾರೆ, ಮರುದಿನ ಊದಿದ್ದು ನೋಡಿ ಮನೆಯವ್ರು ಹೆದರಿ ಓಡಿ ಬರುದು. ಮರಗಟ್ಟಿದ್ದು ಬಿಡುವವರೆಗೆ ಜಗಿಯುವಂಥದ್ದು ಕೊಡ್ಬೇಡಿ, ಕಣ್ಣಿಡಿ.

ಪ್ರಶ್ನೆ: ಮಗನಿಗೆ ಐದೂವರೆ. ಕೆಳಗಿನ ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಸ್ಟೀಲ್ ಕ್ಯಾಪ್ ಹಾಕ್ಬೇಕು ಅಂತ ಹೇಳಿದ್ದಾರೆ. ಬಿದ್ದು ಹೋಗುವ ಹಾಲು ಹಲ್ಲಿಗೆ ಇಷ್ಟೆಲ್ಲ ಬೇಕಾ, ಮಗುವಿಗೆ ಯಾಕೆ ಹಿಂಸೆ ಅಂತ ಮಾವ ಹೇಳ್ತಿದ್ದಾರೆ. ಸುಮ್ಮನೆ ತೆಗೆಸಿ ಬಿಟ್ರೆ ಆಗುದಿಲ್ವಾ?
– ಬಂಟ್ವಾಳದಿಂದ

ಉತ್ತರ: ಈ ಪ್ರಶ್ನೆ ನನಗೆ ವಾರಕ್ಕೆ ನಾಲ್ಕು ಸಲ ಬರ್ತದೆ, ಮತ್ತೆ ಮಾವ ಹೇಳುದು ಮೇಲ್ನೋಟಕ್ಕೆ ಸರಿಯೇ ಕಾಣ್ತದೆ. ಹಾಲು ಹಲ್ಲು ಒಟ್ಟು 20. ಎದುರಿನವು ಆರೇಳು ವರ್ಷಕ್ಕೆ ಬೀಳ್ಲಿಕ್ಕೆ ಶುರು ಆಗ್ತವೆ, ಅದನ್ನು ನೋಡಿ ಎಲ್ಲವೂ ಈಗ ಬೀಳ್ತದೆ ಅಂತ ನಾವು ಅಂದ್ಕೊಳ್ಳುದು. ಹಿಂದಿನ ದವಡೆ ಹಲ್ಲು ಬೀಳುದು 10ರಿಂದ 12 ವರ್ಷಕ್ಕೆ. ಅಂದ್ರೆ ನಿಮ್ಮ ಮಗ ಐದನೇ ಆರನೇ ಕ್ಲಾಸಿನವರೆಗೆ ಅದ್ರಲ್ಲೇ ಜಗಿಬೇಕು.

ಇನ್ನೊಂದು ಮುಖ್ಯ ವಿಷಯ ಉಂಟು. ಆರು ವರ್ಷದ ಹೊತ್ತಿಗೆ ಕೊನೆಯ ಹಾಲು ಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರ್ತದೆ, ಅದು ಪರ್ಮನೆಂಟ್. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುದರಿಂದ ಮನೆಯವ್ರಿಗೆ ಗೊತ್ತೇ ಆಗುದಿಲ್ಲ, ಹುಳುಕಾದ ಮೇಲೂ ಹಾಲು ಹಲ್ಲು ಅಂತ ಬಿಟ್ಟವ್ರು ಎಷ್ಟೋ ಜನ. ಅದ್ರ ಎದುರಿನ ಹಾಲು ಹಲ್ಲನ್ನು ಈಗಲೇ ತೆಗೆಸಿದ್ರೆ ಬರುವ ದೊಡ್ಡ ಹಲ್ಲು ಖಾಲಿ ಜಾಗಕ್ಕೆ ವಾಲ್ತಾ ಮುಂದೆ ಜಾರ್ತದೆ, ಬಸ್ಸಿನಲ್ಲಿ ಒಬ್ಬ ಎದ್ರೆ ಪಕ್ಕದವ್ರು ಸರಿಯುವ ಹಾಗೆ. ಹತ್ತು ಹನ್ನೊಂದು ವರ್ಷಕ್ಕೆ ಅಲ್ಲಿ ಬರ್ಬೇಕಾದ ಹಲ್ಲಿಗೆ ಜಾಗ ಇಲ್ಲ, ಅಡ್ಡಾದಿಡ್ಡಿ ಬರ್ತದೆ, ಆಮೇಲೆ ಕ್ಲಿಪ್ಪಿಗೆ ಅಂತ ಓಡಾಟ. ತೆಗೆಯುದು ತಪ್ಪದ ಸಂದರ್ಭದಲ್ಲಿ ಜಾಗ ಹಿಡಿದಿಡುವ ಒಂದು ತಂತಿಯ ಸಾಧನ ಹಾಕ್ತೇವೆ, ಆದ್ರೆ ಸ್ವಂತ ಹಲ್ಲಿನಷ್ಟು ಒಳ್ಳೇದು ಯಾವುದೂ ಇಲ್ಲ.

ಹಾಲು ಹಲ್ಲಿನ ಎನಾಮಲ್, ಅಂದ್ರೆ ಮೇಲಿನ ಗಟ್ಟಿ ಪದರ, ದೊಡ್ಡ ಹಲ್ಲಿನದ್ದರ ಅರ್ಧದಷ್ಟು ದಪ್ಪ ಮಾತ್ರ, ನರ ಹತ್ರದಲ್ಲೇ ಇರುದು, ಹಾಗಾಗಿ ಹುಳುಕು ಬೇಗ ಒಳಗೆ ಇಳಿತದೆ. ಬೇಗ ಬಂದಿದ್ರೆ ಇಷ್ಟು ಬೇಕಾಗ್ತಿರ್ಲಿಲ್ಲ, ಇದನ್ನು ಬೇರೆಯವ್ರಿಗೆ ಉಪಯೋಗ ಆಗ್ಲಿ ಅಂತ ಹೇಳುದು. ಸಣ್ಣ ಹುಳುಕಿಗೆ 38 ಪರ್ಸೆಂಟಿನ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಒಂದು ಮದ್ದು ಉಂಟು, ಬ್ರಶ್ಶಿನಲ್ಲಿ ಹಚ್ಚುದು ಅಷ್ಟೇ, ಸೂಜಿ ಇಲ್ಲ, ಕೊರೆಯುದಿಲ್ಲ, ಹುಳುಕು ಅಲ್ಲಿಗೇ ನಿಲ್ತದೆ. ಹುಳುಕಾದ ಜಾಗ ಕಪ್ಪಾಗ್ತದೆ, ಅದೊಂದು ಮೊದಲೇ ತಿಳ್ಕೊಂಡಿರಿ. ನರದವರೆಗೆ ಹೋಗದ ದವಡೆ ಹಲ್ಲಿನ ಹುಳುಕಿಗೆ ಕೊರೆಯದೆ ನೇರ ಸ್ಟೀಲ್ ಕ್ಯಾಪ್ ಕೂರಿಸುವ ಕ್ರಮವೂ ಉಂಟು, ಸ್ಕಾಟ್ಲೆಂಡಿನ ನಾರ್ನಾ ಹಾಲ್ ಎಂಬ ದಂತ ವೈದ್ಯೆಯ ಹೆಸರಿನಲ್ಲಿ ಹಾಲ್ ಟೆಕ್ನಿಕ್ ಅಂತ ಹೇಳುದು. ಹೆದರುವ ಮಕ್ಕಳಿಗೆ ಇವೆರಡು ದೊಡ್ಡ ಉಪಕಾರ, ಇದು ನಮ್ಮ ಮಗುವಿಗೆ ಆಗ್ತದಾ ಅಂತ ಡಾಕ್ಟ್ರ ಹತ್ರ ಬಾಯಿ ಬಿಟ್ಟು ಕೇಳಿ.

ಕ್ಯಾಪ್ ಬೆಳ್ಳಿ ಬಣ್ಣ ಅಂತ ದೊಡ್ಡವ್ರಿಗೆ ಬೇಜಾರು, ಮಕ್ಕಳಿಗಲ್ಲ. ಆಟದ ಹುಚ್ಚಿನ ಒಬ್ಬ ಹುಡುಗನಿಗೆ, ರಾತ್ರಿಯಿಡೀ ಅಜ್ಜನ ಒಟ್ಟಿಗೆ ಕೂತು ಯಕ್ಷಗಾನ ನೋಡುವವ ಅವ, ನಿನ್ನ ಹಲ್ಲಿಗೊಂದು ಕಿರೀಟ ಇಡ್ತೇನೆ ಅಂದಾಗ "ರಾಜನದ್ದಾ, ರಾಕ್ಷಸನದ್ದಾ?" ಅಂತ ಕೇಳಿದ. ನಿನಗೆ ಯಾವುದು ಬೇಕು ಅಂದೆ. ರಾಕ್ಷಸನದ್ದೇ ಬೇಕಂತೆ, ದೊಡ್ಡದಿರ್ತದಲ್ಲ. ಮುಗಿದ ಮೇಲೆ ಕನ್ನಡಿ ಹಿಡಿದು ಬಾಯಿ ದೊಡ್ಡ ಮಾಡಿ ಐದು ನಿಮಿಷ ನೋಡ್ತಾ ನಿಂತಿದ್ದ.

ಪ್ರಶ್ನೆ: ಡಾಕ್ಟ್ರೇ, ನನ್ನ ಮೊಮ್ಮಗಳಿಗೆ ಹನ್ನೊಂದು ತಿಂಗಳು, ನಾಲ್ಕು ಹಲ್ಲು ಬಂದಿದೆ. ಒಂದು ವರ್ಷಕ್ಕೆ ಹಲ್ಲಿನ ಡಾಕ್ಟ್ರಿಗೆ ತೋರಿಸ್ಬೇಕು ಅಂತ ಮಗಳು ಹೇಳ್ತಾಳೆ. ಇಷ್ಟು ಸಣ್ಣ ಮಗುವಿಗೆ ತೋರಿಸ್ಲಿಕ್ಕೆ ಎಂತ ಉಂಟು?
– ಒಬ್ಬ ಅಜ್ಜಿ, ಕುಂದಾಪುರ

ಉತ್ತರ: ಅಮ್ಮಾ, ನಿಮ್ಮ ಮಗಳು ಹೇಳಿದ್ದು ಸರಿ. ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ಹೆಚ್ಚೆಂದ್ರೆ ಒಂದು ವರ್ಷ ತುಂಬುದರೊಳಗೆ ಒಮ್ಮೆ ತೋರಿಸ್ಬೇಕು. ಚೇರಿನಲ್ಲಿ ಕೂರಿಸುದಿಲ್ಲ. ನೀವು ಮತ್ತು ನಾನು ಎದುರು ಬದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುದು, ಮಗುವಿನ ಕಾಲು ನಿಮ್ಮ ಸೊಂಟದ ಎರಡು ಬದಿಗೆ, ತಲೆ ನನ್ನ ಮಡಿಲಲ್ಲಿ. ಮಗು ನಿಮ್ಮ ಮುಖ ನೋಡ್ತಾ ಇರ್ತದೆ, ನಾನು ಎರಡು ನಿಮಿಷದಲ್ಲಿ ನೋಡಿ ಮುಗಿಸ್ತೇನೆ. ಸ್ವಲ್ಪ ಅಳ್ತದೆ, ಒಳ್ಳೇದೇ ಆಯ್ತು, ಅತ್ತಾಗ ಹಿಂದಿನದ್ದೂ ಕಾಣ್ತದೆ.

ಅದಕ್ಕಿಂತ ಮುಖ್ಯ, ನಾನು ನಿಮ್ಮ ಹತ್ರ ಮಾತಾಡ್ಲಿಕ್ಕೆ ಉಂಟು. ರಾತ್ರಿ ಬಾಟ್ಲಿಯಲ್ಲಿ ಸಕ್ಕರೆ ಹಾಕಿದ ಹಾಲು ಕೊಟ್ಟು ಮಲಗಿಸ್ಬೇಡಿ. ನಿದ್ದೆಯಲ್ಲಿ ಎಂಜಲು ಕಮ್ಮಿ, ಹಾಲು ಮೇಲಿನ ಎದುರು ಹಲ್ಲಿನ ಸುತ್ತ ನಿಂತು ಬಿಡ್ತದೆ, ಎರಡು ವರ್ಷಕ್ಕೇ ಆ ನಾಲ್ಕು ಹಲ್ಲು ಕರಗಿ ಹೋದ ಮಕ್ಕಳು ಬರ್ತಾರೆ. ಕೆಳಗಿನದ್ದಕ್ಕೆ ನಾಲಿಗೆ ಅಡ್ಡ ಇರುದರಿಂದ ಅವು ಉಳಿತವೆ. ಉಜ್ಜುದು ಈಗಲೇ ಶುರು ಮಾಡಿ, ದಿನಕ್ಕೆ ಎರಡು ಸಲ, ಫ್ಲೋರೈಡ್ ಪೇಸ್ಟು ಒಂದು ಅಕ್ಕಿ ಕಾಳಿನಷ್ಟು, ಮೂರು ವರ್ಷ ಆದ ಮೇಲೆ ಬಟಾಣಿಯಷ್ಟು. ಮಲಗುವ ಮೊದಲು ಉಜ್ಜಿದ ಮೇಲೆ ನೀರು ಮಾತ್ರ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ, ಆಟಿಸಂ ಉಂಟು. ಶಬ್ದ, ಲೈಟು, ಗೊತ್ತಿಲ್ಲದವ್ರು ಮುಟ್ಟುದು ಯಾವುದೂ ಆಗುದಿಲ್ಲ. ಇವಳಿಗೆ ಹಲ್ಲಿನ ಡಾಕ್ಟ್ರು ಸಾಧ್ಯವೇ ಇಲ್ಲ ಅಂತ ಕೈ ಬಿಟ್ಟಿದ್ದೇನೆ.
– ಕದ್ರಿ, ಮಂಗಳೂರು

ಉತ್ತರ: ಕೈ ಬಿಡ್ಬೇಡಿ. ನಿಮ್ಮ ಕಾಗದ ಓದಿ ಮನಸ್ಸು ಭಾರ ಆಯ್ತು, ಯಾಕಂದ್ರೆ ಇಂಥ ಮಕ್ಕಳನ್ನು ನೋವು ಬಂದ ಮೇಲೆಯೇ ಕರ್ಕೊಂಡು ಬರುದು, ಅಷ್ಟರಲ್ಲಿ ಅವ್ರಿಗೆ ನೋವು ಅಂತ ಹೇಳ್ಲಿಕ್ಕೂ ಆಗದೆ ಎಷ್ಟು ದಿನ ಆಗಿರ್ತದೋ.

ಮೊದಲು ನೀವೊಬ್ಬರೇ ಕ್ಲಿನಿಕ್ಕಿಗೆ ಹೋಗಿ, ಗೇಟಿನಿಂದ ಚೇರಿನವರೆಗೆ ಮೊಬೈಲಿನಲ್ಲಿ ಫೋಟೋ ತೆಗಿರಿ, ಬಾಗಿಲು, ಚಪ್ಪಲಿ ಬಿಡುವ ಜಾಗ, ಸೋಫಾ, ಡಾಕ್ಟ್ರು ಮಾಸ್ಕ್ ಇಲ್ಲದೆ, ಡಾಕ್ಟ್ರು ಮಾಸ್ಕ್ ಹಾಕಿ, ಲೈಟು, ಚೇರು. ಅದೇ ಕ್ರಮದಲ್ಲಿ ಪ್ರಿಂಟ್ ತೆಗೆದು ದಿನಾ ಮನೆಯಲ್ಲಿ ತೋರಿಸಿ. ಅಪಾಯಿಂಟ್‌ಮೆಂಟ್ ದಿನದ ಮೊದಲನೆಯದ್ದೇ ಕೇಳಿ, ಬೇರೆ ಯಾರೂ ಇಲ್ಲದ ಹೊತ್ತು, ಕಾಯುದು ಬೇಡ. ಅವಳ ಇಷ್ಟದ ವಸ್ತು ಕೈಯಲ್ಲಿರ್ಲಿ, ಕಪ್ಪು ಕನ್ನಡಕ, ಹೆಡ್‌ಫೋನ್ ಹಾಕಿಯೇ ಕೂರ್ಲಿ. ಎಕ್ಸ್‌ರೇ ತೆಗೆಯುವಾಗ ಹಾಕುವ ಭಾರದ ಏಪ್ರನ್ ಮೈ ಮೇಲೆ ಇಟ್ರೆ ಕೆಲವು ಮಕ್ಕಳು ಶಾಂತ ಆಗ್ತಾರೆ. ಮೊದಲ ದಿನ ಸೋಫಾದವರೆಗೆ ಬಂದು ಹೋದ್ರೆ ಅದೇ ಆ ದಿನದ ಕೆಲ್ಸ. ಮುಂದಿನ ಸಲ ಚೇರ್ ಮುಟ್ಟುದು. ಆರು ಸಲ ಬರ್ಬೇಕಾಗ್ಬಹುದು, ಹತ್ತೂ ಆಗ್ಬಹುದು. ಅದೇ ಡಾಕ್ಟ್ರು, ಅದೇ ರೂಮು, ಆಗುವಷ್ಟು ಅದೇ ಹೊತ್ತು ಇರ್ಲಿ. ಮುಟ್ಟುವಾಗ ಮೆಲ್ಲ ಮೆಲ್ಲ ಮುಟ್ಟುದಕ್ಕಿಂತ ಗಟ್ಟಿಯಾಗಿ ಒತ್ತಿ ಮುಟ್ಟಿದ್ರೆ ಅವಳಿಗೆ ಸಹಿಸ್ಲಿಕ್ಕೆ ಆಗ್ತದಾ ಅಂತ ನಿಮಗೇ ಗೊತ್ತಿರ್ತದೆ, ಅದನ್ನು ಡಾಕ್ಟ್ರಿಗೆ ಹೇಳಿ, ಈ ವಿಷಯದಲ್ಲಿ ನಾವು ನಿಮ್ಮಿಂದ ಕಲಿಯುವವ್ರು.

ಪ್ರಶ್ನೆ: ಡಾಕ್ಟರ್ ಆಂಟಿ, ನಾನು ಎರಡನೇ ಕ್ಲಾಸ್. ನನ್ನ ಕೆಳಗಿನ ಹಲ್ಲು ಅಲ್ಲಾಡ್ತದೆ, ಅದ್ರ ಹಿಂದೆ ಇನ್ನೊಂದು ಹಲ್ಲು ಬಂದಿದೆ. ಅಮ್ಮ ಶನಿವಾರ ತೆಗೆಸ್ಬೇಕು ಹೇಳಿದ್ದಾರೆ. ತೆಗಿಯುವಾಗ ಎಂತ ಮಾಡ್ತಾರೆ? ನಿಜ ಹೇಳ್ಬೇಕು.
– ಮಲ್ಪೆ (ಅಕ್ಷರ ನನ್ನದೇ)

ಉತ್ತರ: ಪುಟ್ಟೀ, ನಿನ್ನ ಅಕ್ಷರ ತುಂಬಾ ಚಂದ ಉಂಟು. ನಿಜವೇ ಹೇಳ್ತೇನೆ.

ಹಿಂದೆ ಬಂದದ್ದು ನಿನ್ನ ಹೊಸ ಹಲ್ಲು, ತುಂಬಾ ಮಕ್ಕಳಿಗೆ ಹಾಗೆ ಬರ್ತದೆ. ಹಳೇದು ಜಾಗ ಬಿಟ್ರೆ ನಿನ್ನ ನಾಲಿಗೆಯೇ ಅದನ್ನು ಮೆಲ್ಲ ಮೆಲ್ಲ ಮುಂದೆ ದೂಡ್ತದೆ. ಇವತ್ತಿಂದ ಶನಿವಾರದವರೆಗೆ ಕೈ ತೊಳ್ಕೊಂಡು ಆ ಹಲ್ಲನ್ನು ದಿನಾ ಅಲ್ಲಾಡಿಸು, ಮನೆಯಲ್ಲೇ ಬಿದ್ರೆ ಡಾಕ್ಟ್ರ ಹತ್ರ ತೋರಿಸಿ ಬಂದ್ರೆ ಆಯ್ತು.

ಬೀಳದಿದ್ರೆ ಡಾಕ್ಟ್ರು ಮೊದಲು ಒಂದು ಜೆಲ್ ಹಚ್ತಾರೆ, ಅದ್ರ ರುಚಿ ನಿನಗೆ ಇಷ್ಟ ಆಗ್ಬಹುದು, ಆಗದೆಯೂ ಇರ್ಬಹುದು. ತುಂಬಾ ಅಲ್ಲಾಡ್ತಾ ಇದ್ರೆ ಅಷ್ಟೇ ಸಾಕಾಗ್ತದೆ. ಗಟ್ಟಿ ಇದ್ರೆ ಹಲ್ಲನ್ನು ಮಲಗಿಸುವ ಮದ್ದು ಸಣ್ಣ ಸೂಜಿಯಲ್ಲಿ ಕೊಡ್ತಾರೆ, ಚಿವುಟಿದ ಹಾಗೆ ಆಗ್ತದೆ, ಆಗ ನೀನು ಮನಸ್ಸಲ್ಲೇ ಹತ್ತು ಎಣಿಸು. ಆಮೇಲೆ ತುಟಿ ದಪ್ಪ ಆದ ಹಾಗೆ ಅನಿಸ್ತದೆ, ಕನ್ನಡಿಯಲ್ಲಿ ನೋಡು, ದಪ್ಪ ಆಗಿರುದಿಲ್ಲ. ತೆಗಿಯುವಾಗ ಯಾರೋ ದೂಡಿದ ಹಾಗೆ ಗೊತ್ತಾಗ್ತದೆ, ಚುಚ್ಚಿದ ಹಾಗೆ ಅಲ್ಲ. ಚುಚ್ಚಿದ ಹಾಗೆ ಆದ್ರೆ ಎಡಗೈ ಎತ್ತು, ಡಾಕ್ಟ್ರು ನಿಲ್ಲಿಸ್ತಾರೆ. ಹಾಗೆ ಕೈ ಎತ್ತಿದ್ರೆ ನಿಲ್ಲಿಸ್ತೀರಾ ಅಂತ ಚೇರಿನಲ್ಲಿ ಕೂರುವ ಮೊದಲೇ ಕೇಳಿಟ್ಕೋ. ಸ್ವಲ್ಪ ರಕ್ತ ಬರ್ತದೆ, ಅದಕ್ಕೆ ಹತ್ತಿ ಇಡ್ತಾರೆ, ಅರ್ಧ ಗಂಟೆ ಕಚ್ಚಿ ಹಿಡ್ಕೋ, ಉಗುಳ್ಲಿಕ್ಕೆ ಇಲ್ಲ. ಹತ್ತಿ ತೆಗೆದ ಮೇಲೆ ಐಸ್‌ಕ್ರೀಮ್ ತಿನ್ಬಹುದು ಅಂತ ಅಮ್ಮನಿಗೆ ಈ ಕಾಲಂ ತೋರಿಸು.

ಅಳು ಬಂದ್ರೆ ಅಳು, ಯಾರೂ ಬೈಯುದಿಲ್ಲ.

ಮತ್ತೆ ಬರುವಾಗ ಹಲ್ಲನ್ನು ಪೇಪರಿನಲ್ಲಿ ಕಟ್ಟಿ ಕೊಡಿ ಅಂತ ಕೇಳ್ಲಿಕ್ಕೆ ಮರಿಬೇಡ. ನಾವು ಸಣ್ಣದಿರುವಾಗ ಬಿದ್ದ ಹಲ್ಲನ್ನು ಹಂಚಿನ ಮಾಡಿನ ಮೇಲೆ ಎಸಿತಿದ್ದೆವು, ನಿಮ್ಮದು ತಾರಸಿ ಮನೆ ಆದ್ರೆ ಅಜ್ಜನ ಮನೆಗೆ ಹೋಗುವವರೆಗೆ ಡಬ್ಬಿಯಲ್ಲಿ ಹಾಕಿಡು.